ಹವಾಮಾನದ ಇಂಗ್ಲಿಷ್ ಪದಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಎಲ್ಲರ ಫೋನಿನಲ್ಲೂ ಒಂದು ವೆದರ್ ಆ್ಯಪ್ ಇದೆ. ಮಳೆಗಾಲ ಬಂತೆಂದರೆ ಟಿವಿಯಲ್ಲಿ ಆರೆಂಜ್ ಅಲರ್ಟ್, ರೆಡ್ ಅಲರ್ಟ್ ಎಂದು ಪಟ್ಟಿ ಓಡುತ್ತಲೇ ಇರುತ್ತದೆ. ಪದಗಳೆಲ್ಲ ಗೊತ್ತಿರುವ ಹಾಗೇ ಕಾಣುತ್ತವೆ, ಆದರೂ ಪ್ರಶ್ನೆಗಳು ನಿಲ್ಲುವುದಿಲ್ಲ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇವುಗಳಲ್ಲಿ ಎರಡು ಜಾತಿ. ಕೆಲವು ಬರೀ ಮಾತಿನ ಪದಗಳು, ನಿಮಗೆ ಹೇಗೆ ಅನ್ನಿಸುತ್ತದೋ ಹಾಗೆ ಹೇಳಬಹುದು. ಇನ್ನು ಕೆಲವು ನೋಡೋಕೆ ಅಷ್ಟೇ ಸಾದಾ, ಆದರೆ ಹವಾಮಾನ ಇಲಾಖೆಯವರು ಹೇಳಿದಾಗ ಅದರ ಹಿಂದೆ ಒಂದು ಅಳತೆ ಇರುತ್ತದೆ. ಯಾವುದು ಯಾವ ಜಾತಿ ಅಂತ ಗೊತ್ತಾದರೆ ಅರ್ಧ ಗೊಂದಲ ಅಲ್ಲೇ ಹೋಯಿತು.

"ಇವತ್ತು ಕ್ಲೈಮೇಟ್ ಸೂಪರ್ ಆಗಿದೆ" ಅನ್ನಬಹುದಾ?

ಕನ್ನಡ ಮಾತಿನ ನಡುವೆ ಧಾರಾಳವಾಗಿ ಅನ್ನಿ, ಎಲ್ಲರೂ ಅನ್ನುತ್ತಾರೆ. ಇಂಗ್ಲಿಷ್‌ನಲ್ಲಿ ಮಾತಾಡುವಾಗ ಮಾತ್ರ ಬೇಡ. ಇವತ್ತು, ನಾಳೆ, ಈ ವಾರ ಹೇಗಿದೆ ಅನ್ನೋದು ವೆದರ್. ಒಂದು ಊರಿನಲ್ಲಿ ವರ್ಷಗಟ್ಟಲೆ ಸಾಮಾನ್ಯವಾಗಿ ಹೇಗಿರುತ್ತದೆ ಅನ್ನೋದು ಕ್ಲೈಮೇಟ್, ಅದಕ್ಕೆ ಸಾಮಾನ್ಯವಾಗಿ 30 ವರ್ಷದ ಸರಾಸರಿ ತೆಗೆದುಕೊಳ್ಳುತ್ತಾರೆ. ಹಾಗಾಗಿ ಬೆಂಗಳೂರಿನ ಕ್ಲೈಮೇಟ್ ಚೆನ್ನಾಗಿದೆ ಅನ್ನಬಹುದು, ಆದರೆ ಇವತ್ತು ಸಂಜೆ ಚೆನ್ನಾಗಿರೋದು ವೆದರ್.

ಮಳೆ ಬರುತ್ತಿದೆ ಅನ್ನೋಕೆ "ರೈನ್ ಈಸ್ ಕಮಿಂಗ್" ಅಂದರೆ ತಪ್ಪೇನು?

ಕೇಳುವವರು ಮಳೆ ಇನ್ನೂ ಬಂದಿಲ್ಲ, ಬರುವ ಹಾಗಿದೆ ಎಂದುಕೊಳ್ಳುತ್ತಾರೆ. ನಮ್ಮಲ್ಲಿ ಮಳೆ ಬರುತ್ತದೆ, ಹೊಯ್ಯುತ್ತದೆ, ಹಿಡಿದುಕೊಳ್ಳುತ್ತದೆ, ಕೈ ಕೊಡುತ್ತದೆ. ಎಲ್ಲವನ್ನೂ ಮಳೆಯೇ ಮಾಡುತ್ತದೆ. ಇಂಗ್ಲಿಷ್‌ನಲ್ಲಿ "ಇಟ್ ಈಸ್ ರೈನಿಂಗ್". ಆ "ಇಟ್" ಯಾರು ಅಂತ ಹುಡುಕೋಕೆ ಹೋಗಬೇಡಿ, ಯಾರೂ ಅಲ್ಲ.

ಇದೇ ಥರದ ಇನ್ನೆರಡು. "ಟುಡೇ ಸನ್ ಈಸ್ ಟೂ ಮಚ್" ಅನ್ನೋದಕ್ಕಿಂತ "ದಿ ಸನ್ ಈಸ್ ಸ್ಟ್ರಾಂಗ್ ಟುಡೇ" ಸರಿ. "ಐ ಆಮ್ ಕೋಲ್ಡ್" ಅಂದರೆ ನನಗೆ ಚಳಿ, "ಐ ಹ್ಯಾವ್ ಎ ಕೋಲ್ಡ್" ಅಂದರೆ ನೆಗಡಿ. ಡಾಕ್ಟರ ಹತ್ತಿರ ಹೋದಾಗ ಎರಡನೆಯದು.

ಡ್ರಿಜಲ್, ಶವರ್, ರೈನ್, ಡೌನ್‌ಪೋರ್ ಎಲ್ಲ ಮಳೆಯೇ ಅಲ್ವಾ?

ಮಳೆಯೇ, ಆದರೆ ಒಂದೇ ಮಳೆ ಅಲ್ಲ. ಡ್ರಿಜಲ್ ಅಂದರೆ ತುಂತುರು, ಹನಿಯ ಅಗಲ ಅರ್ಧ ಮಿಲಿಮೀಟರ್‌ಗಿಂತ ಕಡಿಮೆ. ಮುಖಕ್ಕೆ ತಾಗುತ್ತದೆ, ಅಂಗಳದಲ್ಲಿ ನೀರು ಹರಿಯುವುದಿಲ್ಲ. ಶವರ್ ಅಂದ ತಕ್ಷಣ ನಮಗೆ ಬಚ್ಚಲುಮನೆ ನೆನಪಾಗಿ ಸಣ್ಣ ಮಳೆ ಅನ್ನಿಸುತ್ತದೆ, ಅದು ಹಾಗಲ್ಲ. ಶವರ್‌ನ ಗುರುತು ಜೋರು ಅಲ್ಲ, ಹೊತ್ತು. ತಟ್ಟನೆ ಶುರುವಾಗಿ ತಟ್ಟನೆ ನಿಲ್ಲುವ ಮಳೆ ಅದು, ಎಷ್ಟು ಜೋರಾಗಿ ಬೇಕಾದರೂ ಬರಬಹುದು. ಮೇ ತಿಂಗಳ ಸಂಜೆ ಜಯನಗರದಲ್ಲಿ ಮುಳುಗಿಸಿ ಮಲ್ಲೇಶ್ವರದಲ್ಲಿ ಒಂದು ಹನಿ ಹಾಕದೆ ಹೋಗುತ್ತದಲ್ಲ, ಅದು ಶವರ್. ರೈನ್ ಅಂದರೆ ಮೋಡ ಹರಡಿಕೊಂಡು ಬಿಡದೆ ಸುರಿಯೋದು, ಮಲೆನಾಡಿನ ಜುಲೈ ಥರ. ಡೌನ್‌ಪೋರ್ ಅಂದರೆ ಧೋ ಎಂದು ಸುರಿಯುವ ಮಳೆ, ಇದು ಮಾತಿನ ಪದ, ಅಳತೆ ಇಲ್ಲ.

ಇಂಗ್ಲಿಷ್‌ನವರಿಗೆ ಸಣ್ಣ ಮಳೆಗೆ ಇಷ್ಟೊಂದು ಪದ ಯಾಕೆ ಅನ್ನೋರಿಗೆ ಒಂದು ಲೆಕ್ಕ. ಲಂಡನ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಬೆಂಗಳೂರಿನಲ್ಲಿ 900ಕ್ಕಿಂತ ಜಾಸ್ತಿ, ಆಗುಂಬೆಯಲ್ಲಿ 7,000 ದಾಟುತ್ತದೆ. ಲಂಡನ್ ಮಳೆ ಊರು ಅನ್ನಿಸಿಕೊಂಡಿದ್ದು ನೀರಿನಿಂದಲ್ಲ. ವರ್ಷಪೂರ್ತಿ, ಆಗಾಗ, ಸ್ವಲ್ಪ ಸ್ವಲ್ಪವೇ ಬಂದು ಜೀವ ತಿನ್ನುವುದರಿಂದ. ನಮ್ಮ ಕಡೆಯವರು ಮಳೆಯನ್ನು ಹನಿ ನೋಡಿ ಅಲ್ಲ, ನಕ್ಷತ್ರ ನೋಡಿ ವಿಂಗಡಿಸಿದರು: ಮೃಗಶಿರ, ಆರಿದ್ರ, ಪುಷ್ಯ, ಆಶ್ಲೇಷ, ಮಘೆ ಹೀಗೆ. ಇದಕ್ಕೆ ಇಂಗ್ಲಿಷ್‌ನಲ್ಲಿ ಪದ ಕೇಳಬೇಡಿ, ಇಲ್ಲ.

"ಹೆವಿ ರೈನ್" ಅಂದಿದ್ದರು, ನಮ್ಮಲ್ಲಿ ಸಾಧಾರಣ ಮಳೆ ಬಂತು. ಸುಳ್ಳು ಹೇಳಿದರಾ?

ಇದು ಅಳತೆಯ ಪದಗಳ ರಾಜ, ಸ್ವಲ್ಪ ನಿಧಾನವಾಗಿ ಓದಿ. ಭಾರತೀಯ ಹವಾಮಾನ ಇಲಾಖೆ "ಹೆವಿ" ಅಂದರೆ 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್. "ವೆರಿ ಹೆವಿ" ಅಂದರೆ 115.6ರಿಂದ 204.4. ಅದಕ್ಕೂ ಮೇಲೆ ಹೋದರೆ "ಎಕ್ಸ್ಟ್ರೀಮ್ಲಿ ಹೆವಿ". ಕೆಳಗಡೆ ಬಂದರೆ 15.6ರಿಂದ 64.4ರವರೆಗೆ "ಮಾಡರೇಟ್", 2.5ರಿಂದ 15.5 "ಲೈಟ್". ಅಂದರೆ ನೀವು ಛತ್ರಿ ಹಿಡಿದೂ ತೊಯ್ದು ತೊಪ್ಪೆಯಾಗಿ, ಅಂಡರ್‌ಪಾಸ್‌ನಲ್ಲಿ ನೀರು ನಿಂತು, ಮನೆ ಸೇರೋಕೆ ಎರಡು ಗಂಟೆ ಆದ 50 ಮಿಲಿಮೀಟರ್ ಮಳೆ ಇಲಾಖೆಯ ಪುಸ್ತಕದಲ್ಲಿ ಬರೀ ಮಾಡರೇಟ್. ಕೋಪ ಬರುತ್ತದೆ, ನಿಜ. ಆದರೆ ಅವರು ಅಳೆಯೋದು ನೀರನ್ನು, ನಿಮ್ಮ ಬೀದಿಯ ಚರಂಡಿಯನ್ನಲ್ಲ.

ಮಿಲಿಮೀಟರ್ ಕಣ್ಣಿಗೆ ಕಟ್ಟಬೇಕಾದರೆ ಹೀಗೆ ನೋಡಿ: ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. 30-40 ಸೈಟಿನಷ್ಟು ತಾರಸಿಯ ಮೇಲೆ 64.5 ಮಿಲಿಮೀಟರ್ ಬಿದ್ದರೆ ಸುಮಾರು 7,000 ಲೀಟರ್. ಬೇಸಿಗೆಯಲ್ಲಿ ದುಡ್ಡು ಕೊಟ್ಟು ತರಿಸುವ 6,000 ಲೀಟರ್ ಟ್ಯಾಂಕರ್‌ಗಿಂತ ಜಾಸ್ತಿ. ಮಳೆ ಕೊಯ್ಲು ಮಾಡದವರು ಇದನ್ನು ಎರಡು ಸಲ ಓದಿ.

ಇನ್ನೊಂದು ಸಣ್ಣ ವಿಷಯ. ಇಲಾಖೆಯ 24 ಗಂಟೆ ಲೆಕ್ಕ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ರಾತ್ರಿ ಬಂದ ಮಳೆ ಮರುದಿನದ ತಾರೀಖಿಗೆ ಸೇರುವುದು ಅದಕ್ಕೇ.

ಐಸೋಲೇಟೆಡ್, ಸ್ಕ್ಯಾಟರ್ಡ್, ವೈಡ್‌ಸ್ಪ್ರೆಡ್ ಅಂದರೆ?

ಇವೂ ಅಳತೆಯ ಪದಗಳೇ. ಎಷ್ಟು ಮಳೆ ಅಂತ ಅಲ್ಲ, ಎಷ್ಟು ಕಡೆ ಅಂತ. ಒಂದು ಪ್ರದೇಶದ ಮಳೆ ಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ ಮಳೆ ಕಂಡರೆ ಐಸೋಲೇಟೆಡ್, 26ರಿಂದ 50 ಸ್ಕ್ಯಾಟರ್ಡ್, 51ರಿಂದ 75 ಫೇರ್ಲಿ ವೈಡ್‌ಸ್ಪ್ರೆಡ್, ಅದರ ಮೇಲೆ ವೈಡ್‌ಸ್ಪ್ರೆಡ್. ಪೇಪರಿನಲ್ಲಿ ಬರುವ "ಒಂದೆರಡು ಕಡೆ", "ಹಲವು ಕಡೆ", "ಬಹುತೇಕ ಕಡೆ" ಇಂಥ ಮಾತುಗಳ ಮೂಲ ಇದೇ. ಐಸೋಲೇಟೆಡ್ ಹೆವಿ ರೈನ್ ಅಂದಾಗ ನಿಮ್ಮೂರಲ್ಲಿ ಬರಲಿಲ್ಲ ಅಂದರೆ ಮುನ್ಸೂಚನೆ ತಪ್ಪಿತು ಅಂತಲ್ಲ, ಪಕ್ಕದ ತಾಲ್ಲೂಕಿನವರನ್ನು ಒಂದು ಮಾತು ಕೇಳಿ.

ರೆಡ್ ಅಲರ್ಟ್ ಅಂದರೆ ಶಾಲೆಗೆ ರಜೆ ತಾನೇ?

ಮಕ್ಕಳ ನಿಘಂಟಿನಲ್ಲಿ ಹೌದು. ರಜೆ ಕೊಡುವುದು ಜಿಲ್ಲಾಡಳಿತ, ಹವಾಮಾನ ಇಲಾಖೆ ಅಲ್ಲ. ಹಸಿರು ಅಂದರೆ ಏನೂ ಮಾಡಬೇಕಿಲ್ಲ. ಹಳದಿ ಅಂದರೆ ಗಮನ ಇರಲಿ, ಸುದ್ದಿ ನೋಡುತ್ತಿರಿ. ಆರೆಂಜ್ ಅಂದರೆ ತಯಾರಾಗಿರಿ. ಕೆಂಪು ಅಂದರೆ ಈಗಲೇ ಏನು ಮಾಡಬೇಕೋ ಮಾಡಿ. ಬಣ್ಣ ಬರೀ ಮಳೆಯ ಪ್ರಮಾಣ ಹೇಳುವುದಿಲ್ಲ, ಅದರಿಂದ ಏನು ತೊಂದರೆ ಆಗಬಹುದು ಅನ್ನೋದನ್ನೂ ಸೇರಿಸಿ ಹೇಳುತ್ತದೆ. ಬಿಸಿಗಾಳಿಗೂ ಚಳಿಗೂ ಇದೇ ಬಣ್ಣಗಳು, ಹಾಗಾಗಿ ಏಪ್ರಿಲ್‌ನಲ್ಲಿ ಕಲಬುರಗಿಗೆ ಅಲರ್ಟ್ ಅಂದರೆ ಛತ್ರಿ ಬಿಸಿಲಿಗೆ.

ಆ್ಯಪ್‌ನಲ್ಲಿ 40 ಪರ್ಸೆಂಟ್ ರೈನ್ ಅಂತಿದೆ. ದಿನದಲ್ಲಿ 40 ಪರ್ಸೆಂಟ್ ಹೊತ್ತು ಮಳೆಯಾ?

ಅಲ್ಲ. ಊರಿನ 40 ಪರ್ಸೆಂಟ್ ಜಾಗದಲ್ಲಿ ಅಂತಲೂ ಅಲ್ಲ, 40 ಪರ್ಸೆಂಟ್ ಜೋರು ಅಂತಲೂ ಅಲ್ಲ. ಇಂಥದೇ ಹತ್ತು ದಿನ ಇದ್ದರೆ ಅದರಲ್ಲಿ ನಾಲ್ಕು ದಿನ ನೀವಿರುವ ಕಡೆ ಮಳೆ ಬೀಳುತ್ತದೆ, ಆರು ದಿನ ಬೀಳುವುದಿಲ್ಲ, ಅಷ್ಟೇ. ಬಿದ್ದರೆ ಹನಿ ಬೀಳುತ್ತದೋ ಹೊಳೆ ಹರಿಯುತ್ತದೋ ಅನ್ನೋದು ಈ ನಂಬರಿನಲ್ಲಿ ಇಲ್ಲವೇ ಇಲ್ಲ. ಅದಕ್ಕೆ ಪಕ್ಕದಲ್ಲಿರುವ ಮಿಲಿಮೀಟರ್ ನೋಡಬೇಕು. ಮದುವೆಗೆ ಶಾಮಿಯಾನ ಹಾಕಿಸುವವರು ಎರಡೂ ನೋಡಿ.

ಥಂಡರ್ ಬಿತ್ತು ಅನ್ನಬಹುದಾ?

ಥಂಡರ್ ಅಂದರೆ ಗುಡುಗು, ಬರೀ ಸದ್ದು. ಸದ್ದು ಬೀಳುವುದಿಲ್ಲ. ಇಲ್ಲಿ ಕನ್ನಡವೇ ಹೆಚ್ಚು ಚೊಕ್ಕ: ಬೆಳಕು ಮಿಂಚು, ಸದ್ದು ಗುಡುಗು, ನೆಲಕ್ಕೋ ಮರಕ್ಕೋ ಬಡಿದರೆ ಸಿಡಿಲು. ಇಂಗ್ಲಿಷ್‌ನಲ್ಲಿ ಮಿಂಚು, ಸಿಡಿಲು ಎರಡಕ್ಕೂ ಲೈಟ್ನಿಂಗ್. ತೆಂಗಿನ ಮರಕ್ಕೆ ಸಿಡಿಲು ಹೊಡೆಯಿತು ಅನ್ನೋಕೆ "ಲೈಟ್ನಿಂಗ್ ಸ್ಟ್ರಕ್ ದಿ ಟ್ರೀ" ಅನ್ನಬೇಕು.

ಮಿಂಚಿದ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡ್ ಎಣಿಸಿ, ಮೂರರಿಂದ ಭಾಗಿಸಿ, ಅಷ್ಟು ಕಿಲೋಮೀಟರ್ ದೂರದಲ್ಲಿದೆ. 30 ಸೆಕೆಂಡಿನ ಒಳಗೆ ಗುಡುಗಿದರೆ ಹೊಲದಲ್ಲಿ, ಮೈದಾನದಲ್ಲಿ ನಿಲ್ಲಬೇಡಿ. ಮರದ ಕೆಳಗಂತೂ ಬೇಡವೇ ಬೇಡ.

ಮುಳ್ಳಯ್ಯನಗಿರಿಯಲ್ಲಿ ಸ್ನೋ ಬೀಳುತ್ತದಾ?

ಬೀಳುವುದಿಲ್ಲ. ಎಲ್ಲದಕ್ಕೂ ಮಂಜು ಎಂದು ಹೇಳಿ ರೂಢಿಯಾಗಿ, ಇಂಗ್ಲಿಷ್‌ಗೆ ಬಂದಾಗ ಹಲವರು ಸ್ನೋ ಅಂದುಬಿಡುತ್ತಾರೆ. ನೀವು ಅಲ್ಲಿ ಸೆಲ್ಫಿ ತೆಗೆದುಕೊಂಡಿದ್ದು ಮಿಸ್ಟ್ ಅಥವಾ ಫಾಗ್‌ನಲ್ಲಿ, ಅಂದರೆ ನೆಲಕ್ಕೆ ಇಳಿದ ಮೋಡದಲ್ಲಿ. ಇವೆರಡಕ್ಕೂ ಇರೋದು ಒಂದೇ ವ್ಯತ್ಯಾಸ, ಕಣ್ಣು ಎಷ್ಟು ದೂರ ಹೋಗುತ್ತದೆ. ಒಂದು ಕಿಲೋಮೀಟರ್‌ಗಿಂತ ಕಡಿಮೆ ಕಂಡರೆ ಫಾಗ್, ಅದಕ್ಕಿಂತ ಜಾಸ್ತಿ ಕಂಡರೆ ಮಿಸ್ಟ್. ಜನವರಿ ಬೆಳಿಗ್ಗೆ ದೇವನಹಳ್ಳಿಯಲ್ಲಿ ವಿಮಾನ ತಡವಾಗುವುದು ಫಾಗ್‌ನಿಂದ. ಬೆಳಿಗ್ಗೆ ಹುಲ್ಲಿನ ಮೇಲೆ ಕೂತಿರುವ ಇಬ್ಬನಿ ಡ್ಯೂ. ಹೇಜ್ ಅಂದರೆ ಧೂಳು, ಹೊಗೆಯಿಂದ ಆಗುವ ಒಣ ಮಬ್ಬು.

ಸ್ಮಾಗ್ ಅಂದರೆ ಸ್ಮೋಕ್ ಮತ್ತು ಫಾಗ್ ಎರಡೂ ಸೇರಿಸಿ ಕಟ್ಟಿದ ಪದ. 1952ರ ಡಿಸೆಂಬರ್‌ನಲ್ಲಿ ಕಲ್ಲಿದ್ದಲಿನ ಹೊಗೆ ಐದು ದಿನ ಲಂಡನ್ನಿನ ಮೇಲೆ ಕೂತು ಸಾವಿರಾರು ಜನ ಸತ್ತರು. ಈಗ ಈ ಪದ ನಮಗೆ ಹೆಚ್ಚಾಗಿ ಕೇಳಿಸೋದು ನವೆಂಬರ್‌ನಲ್ಲಿ, ದೆಹಲಿ ಸುದ್ದಿಯಲ್ಲಿ.

ಹೇಲ್ ಮತ್ತು ಸ್ಲೀಟ್?

ಹೇಲ್ ಅಂದರೆ ಆಲಿಕಲ್ಲು. ಸ್ಲೀಟ್ ನಮ್ಮಲ್ಲಿ ಇಲ್ಲ. ಬ್ರಿಟನ್‌ನಲ್ಲಿ ಅದು ಮಳೆ ಮತ್ತು ಹಿಮ ಕಲಸಿ ಬೀಳೋದು, ಅಮೆರಿಕದಲ್ಲಿ ಸಣ್ಣ ಮಂಜುಗಡ್ಡೆ ಕಾಳುಗಳು.

ಕ್ಲೌಡಿ, ಓವರ್‌ಕಾಸ್ಟ್ ಒಂದೇನಾ?

ಆಕಾಶವನ್ನು ಎಂಟು ಪಾಲು ಮಾಡಿ ಮೋಡ ಎಷ್ಟು ಪಾಲು ಮುಚ್ಚಿದೆ ಎಂದು ನೋಡುತ್ತಾರೆ. ಎಂಟಕ್ಕೆ ಎಂಟೂ ಮುಚ್ಚಿದರೆ ಓವರ್‌ಕಾಸ್ಟ್. ಕಡಿಮೆ ಇದ್ದರೆ ಕ್ಲೌಡಿ, ಪಾರ್ಟ್ಲಿ ಕ್ಲೌಡಿ. ಯಾವುದರಲ್ಲೂ ಮಳೆಯ ಭರವಸೆ ಇಲ್ಲ, ಮೋಡ ಕಟ್ಟಿ ಬರಡು ಹೋಗೋದು ನಮ್ಮ ರೈತರಿಗೆ ಹೊಸದಲ್ಲ.

ಮಂಗಳೂರಿನ ಸೆಕೆಗೆ ಇಂಗ್ಲಿಷ್‌ನಲ್ಲಿ ಏನನ್ನಬೇಕು?

ಬರೀ ಹಾಟ್ ಅಂದರೆ ಸಾಲದು. ಹ್ಯೂಮಿಡ್ ಅಂದರೆ ಗಾಳಿಯಲ್ಲಿ ನೀರಿನಂಶ ಜಾಸ್ತಿ ಅಂತ. ಮಗ್ಗಿ, ಸಲ್ಟ್ರಿ, ಸ್ಟಿಕಿ ಅಂದರೆ ಅದರ ಜೊತೆಗೆ ಅಂಗಿ ಬೆನ್ನಿಗೆ ಅಂಟುವ ಕಿರಿಕಿರಿಯೂ ಬಂತು. ರಾಯಚೂರಿನ ರಣಬಿಸಿಲು ಇದಲ್ಲ, ಅದು ಡ್ರೈ ಹೀಟ್, ಸ್ಕಾರ್ಚಿಂಗ್. ಬೆವರು ಆರಿದರೆ ಮೈ ತಂಪಾಗುತ್ತದೆ. ಕರಾವಳಿಯ ಗಾಳಿಯಲ್ಲಿ ಆಗಲೇ ನೀರು ತುಂಬಿರುವುದರಿಂದ ಬೆವರು ಆರುವುದಿಲ್ಲ, ಹಾಗಾಗಿ ಥರ್ಮಾಮೀಟರ್ 34 ತೋರಿಸಿದರೂ ಮೈಗೆ 40ರ ಮೇಲೆ ಅನ್ನಿಸುತ್ತದೆ. ಆ್ಯಪ್‌ನಲ್ಲಿ "ಫೀಲ್ಸ್ ಲೈಕ್" ಅಂತ ಇನ್ನೊಂದು ನಂಬರ್ ಇರುತ್ತದಲ್ಲ, ಅದು ಈ ಲೆಕ್ಕ. ಕರಾವಳಿಯಲ್ಲಿ ಇರುವವರಿಗೆ ಅದೇ ನಿಜವಾದ ನಂಬರ್ ಅಂತ ನನ್ನ ಅಭಿಪ್ರಾಯ.

ಬೆಂಗಳೂರಿನಲ್ಲಿ ಅಷ್ಟು ಬಿಸಿಲಿದ್ದರೂ ಹೀಟ್‌ವೇವ್ ಅನ್ನೋದಿಲ್ಲ ಯಾಕೆ?

ನಮ್ಮ ಇಲಾಖೆಯ ಲೆಕ್ಕದಲ್ಲಿ ಬಯಲು ಪ್ರದೇಶದಲ್ಲಿ ಉಷ್ಣಾಂಶ ಕಡೇ ಪಕ್ಷ 40 ಡಿಗ್ರಿ ಮುಟ್ಟಬೇಕು, ಜೊತೆಗೆ ಆ ದಿನಕ್ಕೆ ಇರಬೇಕಾದ್ದಕ್ಕಿಂತ 4.5 ಡಿಗ್ರಿಯಾದರೂ ಜಾಸ್ತಿ ಇರಬೇಕು. ಕರಾವಳಿಗೆ 37, ಗುಡ್ಡಗಾಡಿಗೆ 30. ಬೆಂಗಳೂರು ನಗರದ ದಾಖಲೆಯೇ 39.2, 2016ರ ಏಪ್ರಿಲ್‌ನದು. ಹಾಗಾಗಿ ಅಳತೆಗೆ ಸಿಗುವುದಿಲ್ಲ, ಬೇಯುವುದು ಮಾತ್ರ ಬೇಯುತ್ತೇವೆ.

ಬ್ರಿಟನ್‌ನಲ್ಲಿ ಕಥೆ ಬೇರೆ. ಅಲ್ಲಿ ಸತತ ಮೂರು ದಿನ, ಜಾಗಕ್ಕೆ ತಕ್ಕಂತೆ 25ರಿಂದ 28 ಡಿಗ್ರಿ ಮುಟ್ಟಿದರೆ ಹೀಟ್‌ವೇವ್. 28 ಡಿಗ್ರಿಗೆ ನಾವು ಫ್ಯಾನ್ ಎರಡಕ್ಕೆ ಇಡುತ್ತೇವೆ ಅಷ್ಟೇ. ನಗುವ ಮೊದಲು ಒಂದು ಮಾತು, ಅವರ ಮನೆಗಳನ್ನು ಕಟ್ಟಿರೋದು ಶಾಖ ಒಳಗೇ ಉಳಿಯುವ ಹಾಗೆ. 2022ರ ಜುಲೈ 19ರಂದು ಅಲ್ಲಿ 40.3 ಡಿಗ್ರಿ ಆದಾಗ ಅದು ತಮಾಷೆ ಆಗಿರಲಿಲ್ಲ.

ಹಾಗೇ ವಾರ್ಮ್ ಅನ್ನೋದು ಚಳಿ ದೇಶದವರ ಬಾಯಲ್ಲಿ ಹಿತವಾದ ಪದ. ಕೂಲ್ ಅಂದರೆ ಹಿತವಾದ ತಂಪು, ಚಿಲಿ ಅಂದರೆ ಸ್ವೆಟರ್ ಬೇಕು, ಕೋಲ್ಡ್ ಅಂದರೆ ಚಳಿ. ಫ್ರೀಜಿಂಗ್ ಅಂದರೆ ಅಳತೆಯಲ್ಲಿ ಸೊನ್ನೆ ಡಿಗ್ರಿ, ಬಾಯಿಮಾತಿನಲ್ಲಿ ಆಫೀಸಿನ ಎಸಿ.

ಬ್ರೀಜ್ ಅಂದರೆ ತಂಗಾಳಿ ತಾನೇ?

ಮಾತಿನಲ್ಲಿ ಹೌದು. ಆದರೆ 1805ರಲ್ಲಿ ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬೋಫರ್ಟ್ ಗಾಳಿಯ ಜೋರಿಗೆ ಒಂದು ಪಟ್ಟಿ ಮಾಡಿದರು, ಹಡಗಿನವರಿಗಾಗಿ. ಆ ಪಟ್ಟಿಯಲ್ಲಿ "ಸ್ಟ್ರಾಂಗ್ ಬ್ರೀಜ್" ಅಂದರೆ ಗಂಟೆಗೆ 39ರಿಂದ 49 ಕಿಲೋಮೀಟರ್, ಛತ್ರಿ ಹಿಡಿಯೋದೇ ಕಷ್ಟ. ಗೇಲ್ ಶುರುವಾಗೋದು 62ರಿಂದ. ಗಸ್ಟ್ ಅಂದರೆ ಒಂದೇ ಸಲ ಬೀಸಿ ಇಳಿಯುವ ಹೊಡೆತ, ತಗಡಿನ ಶೀಟು ಹಾರಿಸುವುದು ಸಾಮಾನ್ಯವಾಗಿ ಇದೇ. ಸ್ಕ್ವಾಲ್ ಅಂದರೆ ಹಠಾತ್ತನೆ ಎದ್ದು ಕೆಲವು ನಿಮಿಷ ಬಡಿಯುವ ಗಾಳಿ, ಮೀನುಗಾರರಿಗೆ ಕೊಡುವ ಎಚ್ಚರಿಕೆಯಲ್ಲಿ ಈ ಪದ ಇದ್ದೇ ಇರುತ್ತದೆ.

ಬಂಗಾಳ ಕೊಲ್ಲಿಯಲ್ಲಿ ಡಿಪ್ರೆಶನ್ ಅಂದರೆ ಯಾರಿಗೆ ಏನಾಯಿತು?

ಯಾರಿಗೂ ಏನೂ ಆಗಿಲ್ಲ, ಇದು ವಾಯುಭಾರ ಕುಸಿತ. ಇದಕ್ಕೆ ಮೆಟ್ಟಿಲುಗಳಿವೆ. ಮೊದಲು ಲೋ ಪ್ರೆಶರ್. ಗಾಳಿ ಗಂಟೆಗೆ 31 ಕಿಲೋಮೀಟರ್ ಮುಟ್ಟಿದರೆ ಡಿಪ್ರೆಶನ್, 50 ಮುಟ್ಟಿದರೆ ಡೀಪ್ ಡಿಪ್ರೆಶನ್, 62 ಮುಟ್ಟಿದರೆ ಸೈಕ್ಲೋನಿಕ್ ಸ್ಟಾರ್ಮ್. ಹೆಸರು ಸಿಗೋದು 62 ದಾಟಿದ ಮೇಲೆ, ಗೇಲ್ ಶುರುವಾಗುವ ಅದೇ ವೇಗ. ಈ ಭಾಗದ 13 ದೇಶಗಳು ಕೊಟ್ಟ ಪಟ್ಟಿಯಿಂದ ಸರದಿ ಪ್ರಕಾರ ಹೆಸರು ಬರುತ್ತದೆ. 2021ರ ಮೇ ತಿಂಗಳಲ್ಲಿ ನಮ್ಮ ಕರಾವಳಿಯನ್ನು ಕಾಡಿದ ತೌಕ್ತೆ ಮ್ಯಾನ್ಮಾರ್ ಕೊಟ್ಟ ಹೆಸರು, ಜೋರಾಗಿ ಕೂಗುವ ಒಂದು ಹಲ್ಲಿಯದು.

ಸೈಕ್ಲೋನ್, ಹರಿಕೇನ್, ಟೈಫೂನ್ ಬೇರೆ ಬೇರೆ ಅಲ್ಲ. ನಮ್ಮ ಸಮುದ್ರದಲ್ಲಿ ಸೈಕ್ಲೋನ್, ಅಟ್ಲಾಂಟಿಕ್‌ನಲ್ಲಿ ಹರಿಕೇನ್, ಜಪಾನ್ ಫಿಲಿಪ್ಪೀನ್ಸ್ ಕಡೆ ಟೈಫೂನ್. ಟಾರ್ನೆಡೋ ಮಾತ್ರ ಬೇರೆ, ಅದು ಗುಡುಗು ಮೋಡದಿಂದ ನೆಲಕ್ಕೆ ಇಳಿಯುವ ಸೊಂಡಿಲು. ನಮ್ಮ ಹೊಲದಲ್ಲಿ ಮಧ್ಯಾಹ್ನ ಧೂಳೆಬ್ಬಿಸುವ ಸುಂಟರಗಾಳಿ ಟಾರ್ನೆಡೋ ಅಲ್ಲ, ಡಸ್ಟ್ ಡೆವಿಲ್.

ಮಾನ್ಸೂನ್ ಅಂದರೆ ಮಳೆಯಾ, ಮಳೆಗಾಲವಾ?

ಋತು ಬದಲಾದ ಹಾಗೆ ದಿಕ್ಕು ಬದಲಿಸುವ ಗಾಳಿ. ಪದದ ಬೇರು ಅರಬ್ಬಿಯ ಮೌಸಿಮ್, ಅಂದರೆ ಋತು. ಜೂನ್‌ನಿಂದ ಸೆಪ್ಟೆಂಬರ್ ನೈರುತ್ಯ ಮುಂಗಾರು, ಅದು ಕೇರಳ ಮುಟ್ಟುವ ವಾಡಿಕೆಯ ದಿನ ಜೂನ್ 1. ಹಾಗಾಗಿ ಮೇ ತಿಂಗಳ ಆರ್ಭಟ ಎಷ್ಟೇ ಇದ್ದರೂ ಸಾಮಾನ್ಯವಾಗಿ ಪ್ರೀ-ಮಾನ್ಸೂನ್ ಶವರ್. ಅದಕ್ಕೆ ಮ್ಯಾಂಗೋ ಶವರ್ ಅಂತಲೂ ಹೆಸರಿದೆ. ಕೊಡಗು, ಚಿಕ್ಕಮಗಳೂರಿನ ತೋಟದವರು ಇನ್ನೂ ಚೆಂದದ ಪದ ಇಟ್ಟುಕೊಂಡಿದ್ದಾರೆ, ಬ್ಲಾಸಮ್ ಶವರ್. ಬೇಸಿಗೆಯ ಮೊದಲಲ್ಲಿ ಆ ಮಳೆ ಬಿದ್ದರೆ ಕಾಫಿ ಗಿಡ ಬಿಳಿ ಹೂ ಬಿಡುತ್ತದೆ. ಆಮೇಲೆ ಕಾಯಿ ನಿಲ್ಲೋಕೆ ಬೇಕಾದ ಮಳೆ ಬ್ಯಾಕಿಂಗ್ ಶವರ್. ಮೊದಲನೆಯದು ಬಂದು ಎರಡನೆಯದು ಬರದಿದ್ದರೆ ತೋಟದವರ ಮುಖ ನೋಡೋಕಾಗಲ್ಲ.

ಮಗಳು ಅಮೆರಿಕದಲ್ಲಿದ್ದಾಳೆ, 70 ಡಿಗ್ರಿ ಅಂತಾಳೆ, ಗಾಬರಿ ಆಗಬೇಕಾ?

ಬೇಡ, ಅದು ಫ್ಯಾರನ್‌ಹೀಟ್. 30 ಕಳೆದು ಅರ್ಧ ಮಾಡಿ, ಸುಮಾರು ಸೆಲ್ಸಿಯಸ್ ಸಿಗುತ್ತದೆ. 70ಕ್ಕೆ 20 ಬಂತು, ನಿಜವಾದ ಲೆಕ್ಕ 21. 100 ಅಂದರೆ 38ರ ಹತ್ತಿರ.

ಅಲ್ಲಿಗೆ ಹೋಗುವ ಅಪ್ಪ ಅಮ್ಮಂದಿರು ಮುಖ್ಯವಾಗಿ ತಿಳಿಯಬೇಕಾದ್ದು ಬೇರೆ. ಫೋನಿಗೆ ಟಾರ್ನೆಡೋ "ವಾಚ್" ಅಂತ ಬಂದರೆ ಆಗುವ ಸಂದರ್ಭ ಇದೆ, ಹುಷಾರಾಗಿರಿ ಅಂತ. "ವಾರ್ನಿಂಗ್" ಅಂತ ಬಂದರೆ ಆಗುತ್ತಿದೆ ಅಥವಾ ಇನ್ನೇನು ಆಗುತ್ತದೆ, ಒಲೆ ಆರಿಸಿ ಬೇಸ್‌ಮೆಂಟಿಗೆ ಇಳಿಯಿರಿ. ನಮ್ಮ ಕಿವಿಗೆ ಎರಡೂ ಒಂದೇ ಥರ ಕೇಳುತ್ತವೆ, ಅಪಾಯ ಇರೋದು ಅಲ್ಲೇ. ಚಳಿಗಾಲದಲ್ಲಾದರೆ ಬ್ಲ್ಯಾಕ್ ಐಸ್ ಅನ್ನೋ ಪದ ನೆನಪಿಡಿ, ರಸ್ತೆಯ ಮೇಲೆ ಕಣ್ಣಿಗೆ ಕಾಣದ ಹಾಗೆ ಕಟ್ಟುವ ತೆಳು ಮಂಜುಗಡ್ಡೆ. ವಾಕಿಂಗ್ ಒಂದು ದಿನ ಬಿಟ್ಟರೆ ಏನೂ ಆಗಲ್ಲ.

"ರೈನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್" ಕಲಿಯಲೇಬೇಕಾ?

ಶಾಲೆಯಲ್ಲಿ ಉರು ಹೊಡೆಸಿದ್ದಾರೆ, ಇರಲಿ ಬಿಡಿ. ಇಂಗ್ಲಿಷ್ ಮನೆಮಾತಿನವರ ಬಾಯಲ್ಲಿ ಈಗ ಅದು ಅಪರೂಪ. "ಇಟ್ಸ್ ಪೋರಿಂಗ್" ಅಂದರೆ ಸಾಕು. ಅದಕ್ಕಿಂತ "ಅಂಡರ್ ದಿ ವೆದರ್" ಕಲಿಯಿರಿ, ಮೈ ಹುಷಾರಿಲ್ಲ ಅಂತ ಅರ್ಥ, ರಜೆ ಮೇಲ್‌ನಲ್ಲಿ ಚೆನ್ನಾಗಿ ಕೂರುತ್ತದೆ. ಯಾರಾದರೂ "ರೈನ್ ಚೆಕ್" ಅಂದರೆ ಮಳೆ ಪರೀಕ್ಷೆ ಅಲ್ಲ, ಈಗ ಆಗಲ್ಲ ಇನ್ನೊಂದು ಸಲ ಅಂತ. ಫೇರ್-ವೆದರ್ ಫ್ರೆಂಡ್ ಅಂದರೆ ಕಷ್ಟ ಬಂದಾಗ ಮಾಯವಾಗುವ ಸ್ನೇಹಿತ.

ಬ್ರಿಟನ್‌ನ ಕ್ಲೈಂಟ್ ಕಾಲ್ ಶುರುವಾದ ಕೂಡಲೇ ಹವೆಯ ಬಗ್ಗೆ ಯಾಕೆ ಕೇಳುತ್ತಾರೆ? ಏನು ಹೇಳಬೇಕು?

ಅದು ನಮ್ಮ "ಊಟ ಆಯ್ತಾ" ಇದ್ದ ಹಾಗೆ. ಮಿಲಿಮೀಟರ್ ಲೆಕ್ಕ ಒಪ್ಪಿಸಬೇಡಿ. "ಬಿಟ್ ವಾರ್ಮ್ ಹಿಯರ್, ಹೌ ಅಬೌಟ್ ಯೂ" ಅಂದು ಕೆಲಸಕ್ಕೆ ಇಳಿಯಿರಿ. ಅವರು "ಲವ್ಲಿ ಡೇ" ಅಂದರೆ ಬಿಸಿಲು ಬಂದಿದೆ ಅಂತ. ಮೋಡ ಕವಿದು ತಣ್ಣಗೆ ಗಾಳಿ ಬೀಸಿದರೆ ನಮಗೆ ಖುಷಿ, ಅವರು ಅದಕ್ಕೆ "ಮಿಸರಬಲ್", "ಗ್ಲೂಮಿ" ಅಂತಾರೆ. ನೀವು ಖುಷಿಯಿಂದ "ಇಟ್ಸ್ ಕ್ಲೌಡಿ ಅಂಡ್ ರೈನಿಂಗ್ ಹಿಯರ್" ಅಂದಾಗ ಆ ಕಡೆಯಿಂದ "ಓ, ಸಾರಿ" ಎಂದು ಬಂದರೆ ಆಶ್ಚರ್ಯಪಡಬೇಡಿ.